ಆಕಾಶಗಂಗೆಯ ತಟ್ಟೆ ಎಲ್ಲಿ ಬಾಗಿದೆ? ನೀವೇ ನಕ್ಷೆ ಬಿಡಿಸಿ

ನಮ್ಮ ಗೆಲಾಕ್ಸಿಯಾದ ಆಕಾಶಗಂಗೆಯ ನಕ್ಷತ್ರಗಳ ತಟ್ಟೆ ಸಮತಟ್ಟಲ್ಲ, ಹೊರ ಅಂಚಿನಲ್ಲಿ ಬಾಗಿದೆ. ಈ ಬಾಗಿನ ನಕ್ಷೆ ಬಿಡಿಸಲು ಕೂತವರಲ್ಲಿ ಬಹುತೇಕರು ಎಡವುವುದು ದೂಳಿನ ಲೆಕ್ಕದಲ್ಲಿ. ಗೆಲಾಕ್ಸಿಯ ಕೇಂದ್ರದ ದಿಕ್ಕಿನಲ್ಲಿ ಕಣ್ಣಿಗೆ ಕಾಣುವ ಬೆಳಕು ದೂಳಿಗೆ ಸಿಕ್ಕಿ ಸುಮಾರು 30 ಕಾಂತಿಮಾನದಷ್ಟು (ನಕ್ಷತ್ರದ ಹೊಳಪನ್ನು ಅಳೆಯುವ ಮಾನ; ಸಂಖ್ಯೆ ಹೆಚ್ಚಿದಷ್ಟೂ ಮಂಕು) ಮಂಕಾಗುತ್ತದೆ. ಕಣ್ಣಿಗೆ ಕಾಣದ, 2.2 ಮೈಕ್ರಾನ್ ಅಲೆಯುದ್ದದ ಅವಗೆಂಪು ಬೆಳಕಿನಲ್ಲಿ ಈ ನಷ್ಟ ಮೂರರ ಆಸುಪಾಸು. ಕಡಿಮೆಯೇನೋ ಹೌದು, ಆದರೆ ಬಿಟ್ಟುಬಿಡುವಷ್ಟು ಕಡಿಮೆಯಲ್ಲ.

ಮೊದಲು ಸಿಫೀಡ್ ನಕ್ಷತ್ರಗಳ, ಅಂದರೆ ನಿಗದಿತ ಅವಧಿಗೊಮ್ಮೆ ಬೆಳಕು ಏರಿಳಿಯುವ ನಕ್ಷತ್ರಗಳ, ಪಟ್ಟಿ ಇಳಿಸಿಕೊಳ್ಳಿ. ಇಡೀ ಆಕಾಶವನ್ನು ಅವಗೆಂಪಿನಲ್ಲಿ ಅಳೆದ ಟೂಮಾಸ್ (2MASS) ಮತ್ತು ವೈಸ್ (WISE) ಸಮೀಕ್ಷೆಗಳ ದತ್ತಾಂಶ ಉಚಿತವಾಗಿಯೇ ಸಿಗುತ್ತದೆ.

ಎರಡನೆಯದು, ನಿಜ ಕಾಂತಿ. ಸಿಫೀಡ್ ಮಿನುಗುವ ಅವಧಿ ಉದ್ದವಾದಷ್ಟೂ ಅದರ ನಿಜವಾದ ಬೆಳಕು ಹೆಚ್ಚು ಎಂದು ಅಮೆರಿಕದ ಖಗೋಳಶಾಸ್ತ್ರಜ್ಞೆ ಹೆನ್ರಿಯೆಟಾ ಲೆವಿಟ್ 1912ರಲ್ಲೇ ತೋರಿಸಿದ್ದರು. ಅವಧಿ ಗೊತ್ತಾದರೆ ಕಾಂತಿ ಗೊತ್ತು. ಕಂಡ ಕಾಂತಿಗೆ ಹೋಲಿಸಿದರೆ ದೂರ ಗೊತ್ತು.

ಮೂರನೆಯದು ದೂಳು. ಇಲ್ಲಿ ಅವಸರ ಬೇಡ. ಅರ್ಧ ಕಾಂತಿಮಾನದಷ್ಟು ದೂಳನ್ನು ಮರೆತರೂ ನಕ್ಷತ್ರ ಶೇ 26ರಷ್ಟು ದೂರ ಸರಿದಂತೆ ಕಾಣುತ್ತದೆ. ಇಡೀ ಆಕಾಶದ ಸಿದ್ಧ ದೂಳು ನಕ್ಷೆ ತಂದು ಕಳೆಯುವ ಅಡ್ಡದಾರಿ ಖಂಡಿತ ಹಿಡಿಯಬೇಡಿ. ಅದರಲ್ಲಿ ನಕ್ಷತ್ರದ ಹಿಂದಿರುವ ದೂಳೂ ಸೇರಿರುತ್ತದೆ. ನಕ್ಷತ್ರ ಸುಳ್ಳೇ ಹತ್ತಿರ ಬಂದುಬಿಡುತ್ತದೆ. ಬದಲು ಆ ನಕ್ಷತ್ರದ ಬಣ್ಣವನ್ನೇ ಕೇಳಿ. ಜೆ ಮತ್ತು ಕೆ ಪಟ್ಟಿಗಳ (ಅವಗೆಂಪಿನ ಎರಡು ಅಲೆಯುದ್ದದ ಪಟ್ಟಿಗಳು; ಕೆ ಎಂದರೆ ಮೇಲೆ ಹೇಳಿದ 2.2 ಮೈಕ್ರಾನ್ ಸುತ್ತಲಿನದು) ಕಾಂತಿ ವ್ಯತ್ಯಾಸ ತೆಗೆಯಿರಿ, ಅದೇ ಅವಧಿಯ ಸಿಫೀಡ್‌ಗೆ ಸಹಜವಾದ ವ್ಯತ್ಯಾಸ ಕಳೆಯಿರಿ. ದೂಳು ಬೆಳಕನ್ನು ಕೆಂಪಾಗಿಸುವುದರಿಂದ, ಉಳಿದ ಕೆಂಪು ದೂಳಿನದು. ಅದನ್ನು ಕೆ ಪಟ್ಟಿಯ ನಷ್ಟಕ್ಕೆ ಬದಲಿಸಲು ಹಳೆಯ ಪುಸ್ತಕಗಳು ಸುಮಾರು 0.67ರಿಂದ ಗುಣಿಸಿ ಎನ್ನುತ್ತವೆ. ಗೆಲಾಕ್ಸಿಯ ಕೇಂದ್ರದತ್ತ 0.5ರ ಹತ್ತಿರದ ಸಂಖ್ಯೆಯೇ ಸರಿ.

ಇನ್ನೊಂದು ಬಲೆಯೂ ಇದೆ: ಎರಡನೇ ಬಗೆಯ ಸಿಫೀಡ್. ಇವು ಮುದಿ ನಕ್ಷತ್ರಗಳು. ಅವಧಿ ಅಷ್ಟೇ ಇದ್ದರೂ ಸುಮಾರು ಒಂದೂವರೆ ಕಾಂತಿಮಾನ ಮಂಕು. ಗುರುತಿಸದೆ ಬಿಟ್ಟರೆ ದೂರ ಹೆಚ್ಚುಕಡಿಮೆ ಇಮ್ಮಡಿಯಾಗಿ, ತಟ್ಟೆಯಿಂದ ಎಷ್ಟೋ ಮೇಲೆ ಕೆಳಗೆ ಚುಕ್ಕೆ ಬಿದ್ದು, ಇಲ್ಲದ ಬಾಗು ಹುಟ್ಟಿಕೊಳ್ಳುತ್ತದೆ. ಬೆಳಕಿನ ಏರಿಳಿತದ ರೇಖೆ ನೋಡಿ ಬೇರ್ಪಡಿಸಿ. ಅನುಮಾನ ಬಂದದ್ದನ್ನು ತೆಗೆದುಹಾಕಿ. ಚುಕ್ಕೆ ಕಡಿಮೆಯಾದರೂ ಪರವಾಗಿಲ್ಲ. 2019ರಲ್ಲಿ ಪ್ರಕಟವಾದ ಅವಗೆಂಪು ನಕ್ಷೆಯೊಂದಕ್ಕೆ 1,339 ಸಿಫೀಡ್‌ಗಳು ಸಾಕಾದವು.

ಕೊನೆಗೆ ದೂರ ಮತ್ತು ಗೆಲಾಕ್ಸಿಯ ಅಕ್ಷಾಂಶ (ತಟ್ಟೆಯಿಂದ ಮೇಲೆ ಕೆಳಗಿನ ಕೋನ), ರೇಖಾಂಶಗಳಿಂದ (ತಟ್ಟೆಯ ಉದ್ದಕ್ಕೂ, ಕೇಂದ್ರದ ದಿಕ್ಕನ್ನು ಸೊನ್ನೆ ಎಂದು ಎಣಿಸುವ ಕೋನ) ಮೂರು ಆಯಾಮದಲ್ಲಿ ಚುಕ್ಕೆ ಇಡಿ. ತಟ್ಟೆಯ ಅಡ್ಡಗಲ ಲಕ್ಷ ಜ್ಯೋತಿರ್ವರ್ಷದ ಲೆಕ್ಕದ್ದು, ಬಾಗು ಕೆಲವೇ ಸಾವಿರದ್ದು. ಎತ್ತರದ ಅಕ್ಷವನ್ನು ಹತ್ತು ಪಟ್ಟು ಹಿಗ್ಗಿಸದಿದ್ದರೆ ಏನೂ ಕಾಣದು. ಹೊರ ಅಂಚು 90 ಡಿಗ್ರಿ ರೇಖಾಂಶದ ಕಡೆ ಮೇಲೆದ್ದು, 270ರ ಕಡೆ ಕೆಳಗೆ ಬಾಗಿದ್ದರೆ ನಿಮ್ಮ ಲೆಕ್ಕ ಸರಿಯಾಗಿದೆ.