ಮೂರು ಚೆಂಡುಗಳ ಜಗ್ಲಿಂಗ್: ಹೊಸಬರಿಗೆ ಮೊದಲ ಪಾಠ

ಕೊಡಗಿನ ಮಳೆಗಾಲ ಅಂಗಳಕ್ಕೆ ಇಳಿಯಲು ಬಿಡದ ದಿನಗಳಲ್ಲಿ ಮನೆಯೊಳಗೇ ಕಲಿಯಬಹುದಾದ ವಿದ್ಯೆಗಳಲ್ಲಿ ಮೂರು ಚೆಂಡುಗಳ ಜಗ್ಲಿಂಗ್, ಅಂದರೆ ಚೆಂಡುಗಳನ್ನು ಒಂದರ ಹಿಂದೊಂದು ಮೇಲೆಸೆದು ಹಿಡಿಯುತ್ತಲೇ ಇರುವ ಕೈಚಳಕ, ಒಂದು. ಕೈಗೆ ಸಿಕ್ಕಿತೆಂದು ಕಿತ್ತಳೆಯಿಂದ ಆರಂಭಿಸಬೇಡಿ. ನಮ್ಮ ಕಿತ್ತಳೆಯ ಸಿಪ್ಪೆ ಸಡಿಲವಾದ್ದರಿಂದ ನಾಲ್ಕು ಬಾರಿ ಬಿದ್ದ ಹಣ್ಣು ತಿನ್ನುವುದಕ್ಕೂ ಉಳಿಯುವುದಿಲ್ಲ. ಟೆನಿಸ್ ಚೆಂಡು ಪುಟಿದು ಮಂಚದಡಿ ಸೇರುತ್ತದೆ. ಹಳೆಯ ಕಾಲುಚೀಲದ ತುಂಡುಗಳಲ್ಲಿ ತಲಾ 100 ಗ್ರಾಂನಷ್ಟು ಅಕ್ಕಿ ತುಂಬಿ ಬಿಗಿಯಾಗಿ ಹೊಲಿದ ಚೆಂಡುಗಳಾದರೆ ಬಿದ್ದಲ್ಲೇ ಕೂರುತ್ತವೆ.

ಮಂಚದ ಎದುರು ನಿಂತು, ಮೊಣಕೈಗಳನ್ನು ಮೈಗೆ ಹತ್ತಿರವಿಟ್ಟು, ಒಂದೇ ಚೆಂಡನ್ನು ಕಣ್ಣಿನ ಮಟ್ಟಕ್ಕೆ ಎಸೆದು ಇನ್ನೊಂದು ಕೈಯಲ್ಲಿ ಹಿಡಿಯಿರಿ. ಎಸೆತದ ಎತ್ತರ ಬದಲಾಗಬಾರದು. ಕೈಯಿಂದ 60 ಸೆಂಟಿಮೀಟರ್ ಮೇಲೇರಿದ ಚೆಂಡು ಮರಳಲು ಸುಮಾರು 0.7 ಸೆಕೆಂಡ್ ಬೇಕು. 30 ಸೆಂಟಿಮೀಟರ್ ಏರಿದ್ದಕ್ಕೆ 0.5 ಸೆಕೆಂಡ್ ಸಾಕು. ಕಲಿಯುವವರಿಗೆ ಈ ಅಂತರ ದೊಡ್ಡದು.

ಎರಡು ಚೆಂಡುಗಳ ಹಂತವೇ ನಿಜವಾದ ಪಾಠವಾದ್ದರಿಂದ ಇಲ್ಲಿ ಅವಸರ ಸಲ್ಲದು. ಮೊದಲ ಚೆಂಡು ತುದಿ ಮುಟ್ಟಿ ಇಳಿಯತೊಡಗಿದಾಗ, ಎರಡನೆಯದನ್ನು ಅದರ ಒಳಬದಿಯಿಂದ ಅಷ್ಟೇ ಎತ್ತರಕ್ಕೆ ಎಸೆಯಬೇಕು. ಬಹುತೇಕರು ಎರಡನೆಯದನ್ನು ಮೇಲೆಸೆಯದೆ ನೇರವಾಗಿ ಇನ್ನೊಂದು ಕೈಗೆ ದಾಟಿಸಿಬಿಡುತ್ತಾರೆ. ಈ ರೂಢಿ ಬೇರೂರಿದರೆ ಮೂರನೆಯ ಚೆಂಡಿಗೆ ಜಾಗವೇ ಸಿಗುವುದಿಲ್ಲ. ಎಡಗೈಯಿಂದ ಆರಂಭಿಸಿಯೂ ಅಭ್ಯಾಸ ಮಾಡಿ.

ಮೂರು ಚೆಂಡುಗಳಾದಾಗ, ಎರಡನ್ನು ಹಿಡಿದ ಕೈಯಿಂದ ಮೊದಲ ಎಸೆತ ಹೊರಡಲಿ. ಆರಂಭದಲ್ಲಿ ಮೂರೇ ಎಸೆತಗಳಿಗೆ ನಿಲ್ಲಿಸಿ, ಆಮೇಲೆ ಒಂದೊಂದಾಗಿ ಹೆಚ್ಚಿಸಿ. ಚೆಂಡುಗಳು ಮುಂದಕ್ಕೆ ಹಾರಿ ನಿಮ್ಮನ್ನೂ ಎಳೆದೊಯ್ಯುತ್ತಿದ್ದರೆ ಗೋಡೆಗೆ ಮುಖಮಾಡಿ ನಿಲ್ಲಿ. ದೃಷ್ಟಿ ಕೈಗಳ ಮೇಲಲ್ಲ, ಚೆಂಡುಗಳು ಏರಿ ತಿರುಗುವ ತುದಿಯ ಮೇಲಿರಲಿ.