ಚುಕ್ಕೆಗಳಲ್ಲಿ ತೊಗರಿ ಹೊಲ: ಪ್ರಾಥಮಿಕ ಶಾಲೆಗೊಂದು ಚಿತ್ರಪಾಠ

ಫ್ರಾನ್ಸಿನ ಚಿತ್ರಕಾರ ಜಾರ್ಜ್ ಸ್ಯೂರಾ 1884ರಿಂದ 1886ರವರೆಗೆ ಶ್ರಮಿಸಿ ರಚಿಸಿದ, ನದಿಯ ದ್ವೀಪವೊಂದರಲ್ಲಿ ಭಾನುವಾರ ಕಳೆಯುವ ಜನರ ಬೃಹತ್ ಚಿತ್ರವು ಸಣ್ಣ ಸಣ್ಣ ಬಣ್ಣದ ಚುಕ್ಕೆಗಳಿಗಾಗಿ ಪ್ರಸಿದ್ಧವಾಗಿದೆ. ಕಲಬುರಗಿ ಜಿಲ್ಲೆಯ ಮಕ್ಕಳಿಗೆ ಈ ವಿಧಾನವನ್ನು ಕಲಿಸಲು ಹೂಬಿಟ್ಟ ತೊಗರಿ ಹೊಲಕ್ಕಿಂತ ಒಳ್ಳೆಯ ವಸ್ತು ನನಗೆ ಕಾಣದು. ಹಸಿರಿನ ನಡುವಿನ ಆ ಹಳದಿ ಹೂಗಳನ್ನು ಅವರು ಕಂಡೇ ಬೆಳೆದಿರುತ್ತಾರೆ.

ಡ್ರಾಯಿಂಗ್ ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ ಕೊಡಿ, ಏಕೆಂದರೆ ದೊಡ್ಡ ಹಾಳೆಯನ್ನು ತುಂಬುವಷ್ಟರಲ್ಲಿ ಚಿಕ್ಕ ಮಕ್ಕಳು ದಣಿಯುತ್ತಾರೆ. ದಿಗಂತ, ಹೊಲದ ಬದು, ಒಂದು ಬೇವಿನ ಮರ, ಇಷ್ಟನ್ನು ಮಾತ್ರ ಪೆನ್ಸಿಲಿನಲ್ಲಿ ತೆಳುವಾಗಿ ಬರೆಸಿ. ಪೋಸ್ಟರ್ ಬಣ್ಣಕ್ಕೆ ನೀರು ಹೆಚ್ಚಾದರೆ ಚುಕ್ಕೆ ಹರಡುವುದರಿಂದ ಅದು ಗಟ್ಟಿ ಮೊಸರಿನ ಹದದಲ್ಲಿರಲಿ. ಪ್ರತಿ ಬಣ್ಣಕ್ಕೂ ಬೇರೆ ಇಯರ್ ಬಡ್ ಇರಿಸಿ, ಅದನ್ನು ನೆಟ್ಟಗೆ ಹಿಡಿದು ಒತ್ತಿ ಎತ್ತಬೇಕೇ ಹೊರತು ಎಳೆಯಬಾರದು ಎಂಬುದನ್ನು ನೀವೇ ಮಾಡಿ ತೋರಿಸಿ.

ಈ ಪಾಠದ ಜೀವಾಳ ಬಣ್ಣಗಳ ನೆರೆಹೊರೆಯಲ್ಲಿದೆ. ಬಿಸಿಲು ಬಿದ್ದ ಗಿಡಗಳಲ್ಲಿ ಹಸಿರಿನ ನಡುವೆ ಹಳದಿಯನ್ನು, ಮರದ ನೆರಳಿನಲ್ಲಿ ಅದೇ ಹಸಿರಿನ ನಡುವೆ ನೀಲಿಯನ್ನು ಇಡಿಸಿ, ಹಾಳೆಯನ್ನು ಗೋಡೆಗೆ ಅಂಟಿಸಿ ಮಕ್ಕಳನ್ನು ಹಿಂದಕ್ಕೆ ನಡೆಸಿದರೆ, ಒಂದೇ ಹಸಿರು ಒಂದೆಡೆ ಬೆಳಗಿ ಇನ್ನೊಂದೆಡೆ ಕಪ್ಪಾಗುವುದನ್ನು ಅವರೇ ಕಂಡುಕೊಳ್ಳುತ್ತಾರೆ. ಎರೆಮಣ್ಣಿಗೂ ಕಪ್ಪು ಬಣ್ಣವನ್ನು ಕೊಡಬೇಡಿ. ಕಂದು ಮತ್ತು ಕಡುನೀಲಿ ಚುಕ್ಕೆಗಳು ಒತ್ತೊತ್ತಾಗಿ ಬಿದ್ದರೆ ಸಾಕು. ತೊಗರಿಯ ಹೂಗಳನ್ನು ಕೊನೆಯಲ್ಲಿ, ಕೆಳಗಿನ ಬಣ್ಣ ಪೂರ್ಣ ಒಣಗಿದ ಬಳಿಕವೇ ಇಡಿಸಬೇಕು.

ಮುಂದಿನ ವಾರ ಕಲಬುರಗಿಯವರೇ ಆದ ಎಸ್. ಎಂ. ಪಂಡಿತರ ವರ್ಣಚಿತ್ರವೊಂದನ್ನು ಇದರ ಪಕ್ಕದಲ್ಲಿಟ್ಟು, ಅಲ್ಲಿ ಬಣ್ಣಗಳು ಹೇಗೆ ನಯವಾಗಿ ಬೆರೆತಿವೆ ಎಂದು ಕೇಳಿ.