ಓಡ್ಕೊಂಡು ಹೋಗಿ ಸಿಲಿಂಡರ್ ಎತ್ತಿಟ್ಟು ಬನ್ನಿ

ಬೆಳಗ್ಗೆ ಆರಕ್ಕೆಲ್ಲ ರತ್ನಗಿರಿ ಬೋರೆ ಗುಡ್ಡದ ಕಡೆ ಓಡೋಕೆ ಹೊರಡುವವರಿಗೆ ಚಿಕ್ಕಮಗಳೂರಲ್ಲಿ ಬರವಿಲ್ಲ. ಹೇಗೂ ಬೆವರು ಸುರಿಸುತ್ತೀರಿ. ಅದೇ ಬೆವರಲ್ಲಿ ಯಾರದೋ ಒಂದು ಕೆಲಸವೂ ಆಗಿಬಿಡಲಿ, ಅಲ್ವಾ?

ಇದು ನಾವು ಕಂಡುಹಿಡಿದದ್ದಲ್ಲ. ಲಂಡನ್‌ನಲ್ಲಿ 2009ರಲ್ಲಿ ಶುರುವಾದ ಗುಡ್‌ಜಿಮ್ ಅನ್ನೋ ಓಟಗಾರರ ಗುಂಪಿನವರು ಓಡಿಕೊಂಡು ಹೋಗಿ, ಒಂಟಿಯಾಗಿರುವ ವಯಸ್ಸಾದವರನ್ನು ಮಾತಾಡಿಸಿ, ಸಣ್ಣಪುಟ್ಟ ಕೆಲಸ ಮುಗಿಸಿ, ಮತ್ತೆ ಓಡಿಕೊಂಡೇ ವಾಪಸ್ ಬರುತ್ತಾರೆ. ಓಡುತ್ತಾ ಕಸ ಹೆಕ್ಕುವ ಪ್ಲಾಗಿಂಗ್ ಹುಟ್ಟಿದ್ದು ಸ್ವೀಡನ್‌ನಲ್ಲಿ.

ಮೊದಲು ಕೆಲಸ ಹುಡುಕಿ, ಆಮೇಲೆ ಓಡುವ ದಾರಿ. ನಾವು ಉಲ್ಟಾ ಮಾಡಿದ್ದೆವು. ಟೀ ಶರ್ಟ್ ಪ್ರಿಂಟ್ ಹಾಕಿಸಿದೆವು, ವಾಟ್ಸಾಪ್ ಗ್ರೂಪಿಗೆ ಹೆಸರಿಡೋಕೆ ಎರಡು ದಿನ ಜಗಳವಾಡಿದೆವು, ಕೊನೆಗೆ ಭಾನುವಾರ ಮೂವತ್ತು ಜನ ಬಂದು ನಿಂತಾಗ ಮಾಡೋಕೆ ಕೆಲಸವೇ ಇರಲಿಲ್ಲ. ಎಂಟು ಹತ್ತು ಜನ ಸಾಕು. ಮುಕ್ಕಾಲು ಗಂಟೆಯಲ್ಲಿ ಮುಗಿಯುವ ಕೆಲಸ ಆರಿಸಿ: ಶಾಲೆಯ ಗ್ರಂಥಾಲಯದ ಪುಸ್ತಕಕ್ಕೆ ರಟ್ಟು ಹಾಕುವುದು, ಕೆರೆ ಏರಿಯ ಒಂದು ತುಂಡು ಚೊಕ್ಕ ಮಾಡುವುದು, ಅಷ್ಟೇ. ಇಡೀ ಕೆರೆ ಅಂತ ಹೊರಟರೆ ಎರಡನೇ ವಾರಕ್ಕೆ ಇಬ್ಬರು ಉಳಿಯುತ್ತೀರಿ.

ಹೋಗೋಕೆ ಎರಡು ಮೂರು ಕಿಲೋಮೀಟರ್, ಬರೋಕೆ ಅಷ್ಟೇ. ಮಾತಾಡುತ್ತಾ ಓಡೋಕೆ ಆಗಬೇಕು. ಏದುಸಿರು ಬಂದು ಮಾತು ನಿಂತರೆ ನಿಮ್ಮ ವೇಗ ಜಾಸ್ತಿ ಆಯ್ತು ಅಂತ ಅರ್ಥ. ಗುಂಪಿನಲ್ಲಿ ಚೆನ್ನಾಗಿ ಓಡುವ ಒಬ್ಬರು ಕೊನೆಯಲ್ಲೇ ಇರಲಿ. ನಮ್ಮಲ್ಲಿ ಅವರಿಗೆ ‘ಬಾಲ’ ಅಂತೀವಿ. ಹೊಸಬರು ಹಿಂದೆ ಬಿದ್ದು ಒಬ್ಬರೇ ಆಗಿಬಿಟ್ಟರೆ ಮುಂದಿನ ವಾರ ಬರೋದೇ ಇಲ್ಲ. ಇನ್ನೊಂದು, ಚೀಲದಲ್ಲಿ ಒಣ ಬನಿಯನ್ ಇಟ್ಟುಕೊಳ್ಳಿ. ನಮ್ಮೂರು ಸಾವಿರ ಮೀಟರ್‌ಗಿಂತ ಎತ್ತರದಲ್ಲಿದೆ, ಡಿಸೆಂಬರ್‌ನಲ್ಲಿ ಒದ್ದೆ ಬಟ್ಟೆಯಲ್ಲಿ ನಿಂತು ಕೆಲಸ ಮಾಡಿದರೆ ಐದೇ ನಿಮಿಷಕ್ಕೆ ಹಲ್ಲು ಕಟಕಟ ಅನ್ನುತ್ತದೆ.

ಕಸದ ಕೆಲಸಕ್ಕೆ ತಯಾರಿ ಜಾಸ್ತಿ ಬೇಕು. ಕೋಟೆ ಕೆರೆ ಹತ್ತಿರ ಒಮ್ಮೆ ಹನ್ನೊಂದು ಚೀಲ ತುಂಬಿಸಿ, ರಸ್ತೆ ಬದಿ ಸಾಲಾಗಿ ಇಟ್ಟು, ಫೋಟೋ ಹೊಡೆದುಕೊಂಡು ಮನೆಗೆ ಹೋದೆವು. ಸಂಜೆ ನೋಡಿದರೆ ನಾಯಿ, ದನ ಸೇರಿ ಎಲ್ಲ ಎಳೆದಾಡಿದ್ದವು, ಹೆಕ್ಕುವ ಮೊದಲು ಇದ್ದದ್ದಕ್ಕಿಂತ ಗಲೀಜು. ತಪ್ಪು ನಮ್ಮದೇ, ಕಸ ಒಯ್ಯುವವರಿಗೆ ಮೊದಲೇ ಹೇಳಿರಲಿಲ್ಲ. ಆ ವಾರ್ಡಿನ ಪೌರಕಾರ್ಮಿಕರನ್ನು ಹಿಂದಿನ ದಿನವೇ ಕೇಳಿ. ಗಾಡಿ ಎಷ್ಟು ಹೊತ್ತಿಗೆ ಬರುತ್ತೆ, ಚೀಲ ಎಲ್ಲಿಡಬೇಕು ಅಂತ ಅವರಷ್ಟು ಸರಿಯಾಗಿ ಹೇಳುವವರಿಲ್ಲ. ಗೋಣಿಚೀಲ ತನ್ನಿ. ಒಡೆದ ಬಾಟಲಿಗೆ ಹಳೇ ಪೇಂಟ್ ಬಕೆಟ್ ಬೇರೆ ಇರಲಿ. ದಪ್ಪ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ, ಆದರೂ ಹುಲ್ಲಿನೊಳಗೆ ಕೈ ಹಾಕಬೇಡಿ, ಮೊದಲು ಕೋಲಲ್ಲಿ ತಟ್ಟಿ. ಹಾವಿನ ಊರು ಇದು. ಸಿರಿಂಜ್ ಕಂಡರೆ ಕೈಯಲ್ಲಿ ಮುಟ್ಟಬೇಡಿ. ಕಾಲಲ್ಲಿ ಗಾಯ ಇರುವವರು ನಿಂತ ನೀರಿಗೆ ಇಳಿಯಲೇಬಾರದು, ಇಲಿ ಜ್ವರ ಬರುವುದು ಹಾಗೇ. ಬಗ್ಗುವಾಗ ಸೊಂಟ ಬಗ್ಗಿಸದೆ ಮಂಡಿ ಮಡಚಿ ಕೂತು ಎತ್ತಿ, ಬಸ್ಕಿ ಹೊಡೆದ ಲೆಕ್ಕಕ್ಕೂ ಆಯ್ತು.

ಗಿಡ ನೆಡುವುದು ಜೂನ್‌ನಲ್ಲಿ ಸುಲಭ, ಮಳೆಯೇ ಅರ್ಧ ಕೆಲಸ ಮಾಡುತ್ತೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನೀರು ಹೊತ್ತು ಹಾಕುವವರಿದ್ದರೆ ಮಾತ್ರ ನೆಡಿ. ಓಡಿ ಹೋಗಿ ರಕ್ತದಾನ ಮಾಡೋಣ ಅಂತ ಯಾರಾದರೂ ಅಂದರೆ ಬೇಡ ಅನ್ನಿ. ರಕ್ತ ಕೊಟ್ಟ ದಿನ ಮೈ ದಣಿಸುವ ವ್ಯಾಯಾಮ ಮಾಡಬಾರದು, ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ.

ನನಗೆ ಎಲ್ಲಕ್ಕಿಂತ ಇಷ್ಟ ಮನೆ ಕೆಲಸ. ಮಕ್ಕಳೆಲ್ಲ ಬೆಂಗಳೂರು ಸೇರಿ, ಇಲ್ಲಿ ಅಜ್ಜಿ ಒಬ್ಬರೇ ಇರುವ ಮನೆಗಳು ನಿಮ್ಮ ಬೀದಿಯಲ್ಲೂ ಇರುತ್ತವೆ. ಸುಮ್ನೆ ಹೋಗಿ ಬಾಗಿಲು ಬಡಿಯಬೇಡಿ. ಪಕ್ಕದ ಮನೆಯವರ ಮೂಲಕ ಕೇಳಿಸಿ, ಮಕ್ಕಳಿಗೂ ಒಂದು ಫೋನ್ ಮಾಡಿ. ಯಾವಾಗಲೂ ಇಬ್ಬರು ಹೋಗಿ, ಅದರಲ್ಲಿ ಒಬ್ಬರು ಹೆಣ್ಣುಮಕ್ಕಳಾದರೆ ಒಳ್ಳೆಯದು. ದುಡ್ಡು, ಎಟಿಎಂ ಕಾರ್ಡ್ ಮುಟ್ಟುವ ಕೆಲಸ ಒಪ್ಪಿಕೊಳ್ಳಬೇಡಿ. ನಾವು ಮೊದಲು ಹೋದ ಮನೆಯಲ್ಲಿ ಅಜ್ಜಿ ಕಿಟಕಿಯಿಂದಲೇ, “ಏನ್ರಪ್ಪಾ, ನಾಯಿ ಅಟ್ಟಿಸ್ಕೊಂಡು ಬಂತಾ?” ಅಂದರು. ಕೆಲಸ ಇದ್ದದ್ದು ಇಷ್ಟೇ: ಜಗಲಿ ಮೇಲಿದ್ದ ಗ್ಯಾಸ್ ಸಿಲಿಂಡರನ್ನು ಅಡುಗೆಮನೆಗೆ ಸಾಗಿಸುವುದು. ಒಳಗಿನ ಗ್ಯಾಸೇ 14.2 ಕೆ.ಜಿ., ಕಬ್ಬಿಣದ ತೂಕ ಬೇರೆ. ತಂದು ಹಾಕಿದವರು ಜಗಲಿಯಲ್ಲೇ ಬಿಟ್ಟು ಹೋಗಿ ನಾಲ್ಕು ದಿನವಾಗಿತ್ತಂತೆ. ನಮಗೆ ಎರಡು ನಿಮಿಷದ ಕೆಲಸ. ಆದರೆ ಆಮೇಲೆ ಅರ್ಧ ಗಂಟೆ ಮಾತು ಕೇಳಿಸಿಕೊಂಡೆವಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿದೇ ಸಮಯ ಇಟ್ಟುಕೊಳ್ಳಿ. ಬುಧವಾರ ಬರ್ತೀವಿ ಅಂದರೆ ಬುಧವಾರವೇ ಹೋಗಿ, ಅವರು ಬೆಳಗ್ಗೆಯಿಂದ ಗೇಟ್ ನೋಡುತ್ತಾ ಕೂತಿರುತ್ತಾರೆ.

ಕಾಫಿ ಕೊಟ್ಟರೆ ಬೇಡ ಅನ್ನಬೇಡಿ. ಕುಡಿದ ಮೇಲೆ ವಾಪಸ್ ಮಾತ್ರ ನಡೆದೇ ಬನ್ನಿ. ಓಡಿದರೆ ಹೊಟ್ಟೆಯಲ್ಲಿ ಕುಲುಕಾಡುತ್ತೆ, ಅನುಭವದಿಂದ ಹೇಳ್ತಿದ್ದೀನಿ.